ತಿರುವಿನಲ್ಲಿ ಎಡಕ್ಕೆ ನೋಡಬೇಡ

ಶುಕ್ರವಾರ, ಊಟವಾದ ಮೇಲೆ

ಪ್ರೀತಿಯ ಚೋಟು,

ನನಗಿಂತ ಒಂದು ಗೇಣು ಎತ್ತರ ಬೆಳೆದವಳನ್ನು ಇನ್ನೂ ಚೋಟು ಅಂತೀಯಲ್ಲ ಎಂದು ಮೂತಿ ತಿರುಗಿಸಬೇಡ. ಈ ಕಾಗೆ ಕಾಲಿನ ಅಕ್ಷರ ನೋಡಿ ಹೌಹಾರಲೂ ಬೇಡ. ಗಾಡಿ ಕಲಿಸುವ ನಮ್ಮ ತರಬೇತಿ ಶಾಲೆಯ ಷಟರ್ ಎಳೆಯುವಾಗ ಬಲಗೈಗೆ ಸ್ವಲ್ಪ ಪೆಟ್ಟಾಯಿತು. ಅದಕ್ಕೇ ಎಡಗೈಯಲ್ಲಿ ಬರೆಯುತ್ತಿದ್ದೇನೆ. ಒಂದನೇ ಕ್ಲಾಸಿನಲ್ಲಿ ನಿನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವಳಿಗೆ ಈಗ ಯಾರಾದರೂ ಕೈ ಹಿಡಿದು ತಿದ್ದಿಸಬೇಕಾಗಿದೆ.

ನಿನ್ನ ಕಾಗದ ಬಂತು. ನೀನು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿನವರು ಬರುವ ಸೋಮವಾರದಿಂದ ನಿನ್ನ ದಾರಿ ಬದಲಾಯಿಸಿದ್ದಾರೆ, ದಿನಾ ಬೆಳಿಗ್ಗೆ ಹಳೇ ಕಲ್ಲುಕ್ವಾರಿ ರಸ್ತೆಯಲ್ಲಿ ಬೈಕಿನ ಮೇಲೆ ಬಂದು ನಮ್ಮ ಕಡೆಯ ಕ್ಲಿನಿಕ್ಕುಗಳಿಂದ ಸ್ಯಾಂಪಲ್ ತೆಗೆದುಕೊಂಡು ಹೋಗಬೇಕು ಎಂದು ಬರೆದಿದ್ದೀಯ. ಅದರ ಜೊತೆಗೆ, ಆ ದಾರಿಯಲ್ಲಿ ಓಡಾಡಿದ ಹಿರಿಯ ರೈಡರ್ ಒಬ್ಬರು ಒಂದು ಸುತ್ತು ಕಪ್ಪು ಟೇಪು ಕೊಟ್ಟು, ಹೆಲ್ಮೆಟ್ ಗಾಜಿನ ಎಡಗಡೆಗೆ ಅಂಟಿಸ್ಕೊಳಮ್ಮ, ಯಾಕೆ ಏನು ಅಂತ ಕೇಳಬೇಡ ಎಂದರೆಂದೂ ಬರೆದಿದ್ದೀಯ. ಸರ್ವಜ್ಞೆಯಾದ ಅಕ್ಕ ಇದಕ್ಕೆ ಅರ್ಥ ಹೇಳಬೇಕು ಎಂದು ಕೊನೆಗೊಂದು ಕೊಂಕು ಬೇರೆ.

ಹೇಳುತ್ತೇನೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ನಾನು ಬಾಯಿ ತೆರೆಯುವಷ್ಟರಲ್ಲಿ ಶುರುವಾಯ್ತು ಅಕ್ಕನ ಕ್ಲಾಸು ಎಂದು ನೀನು ನಗುತ್ತೀಯ, ನೀನು ನಕ್ಕರೆ ನಾನೂ ನಕ್ಕುಬಿಡುತ್ತೇನೆ, ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಈ ಕಾಗದವನ್ನು ನಾಳೆ ಮೊದಲ ಬಸ್ಸಿನ ಡ್ರೈವರ್ ನಿನ್ನ ಕೈಗೇ ಕೊಡುತ್ತಾರೆ. ಕೂತುಕೊಂಡು ಓದು. ಬೈಕಿನ ಮೇಲೆ ಕೂತಲ್ಲ, ಕುರ್ಚಿಯ ಮೇಲೆ.

ಮೊದಲನೆಯದಾಗಿ, ಆ ದಾರಿ ಬೇಡ ಅಂತ ಕೇಳಿನೋಡು. ಬೇರೆಯವರ ಜೊತೆ ಬದಲಾಯಿಸಿಕೊಳ್ಳಲು ಆಗುತ್ತದಾ ವಿಚಾರಿಸು. ಹೊಸ ಕೆಲಸ, ಬಾಯಿ ಬಿಟ್ಟರೆ ಮುಖ ಸಿಂಡರಿಸುತ್ತಾರೆ ಅಂತ ನೀನು ಹೇಳುತ್ತೀಯ, ಗೊತ್ತು. ಹಾಗಿದ್ದರೆ ಮುಂದಕ್ಕೆ ಓದು, ಒಂದಕ್ಷರ ಬಿಡದೆ.

ಬೆನ್ನ ಹಿಂದೆ ಸ್ಯಾಂಪಲ್ ಪೆಟ್ಟಿಗೆ ಇರುತ್ತದೆ, ಐಸು ತುಂಬಿದರೆ ಅದು ಒಂದು ಮಗುವಿನಷ್ಟು ಭಾರ. ಗಾಡಿ ನೀನಂದುಕೊಂಡ ಕಡೆ ನಿಲ್ಲುವುದಿಲ್ಲ, ಸ್ವಲ್ಪ ಮುಂದೆ ಹೋಗಿ ನಿಲ್ಲುತ್ತದೆ. ಆದ್ದರಿಂದ ಬ್ರೇಕು ಬೇಗ, ಮೆತ್ತಗೆ, ಮುಂದಿನದು ಹಿಂದಿನದು ಎರಡೂ ಒಟ್ಟಿಗೆ. ಬೆಳಗಿನ ಚಳಿಗೆ ಟೈರು ಗಟ್ಟಿಯಾಗಿರುತ್ತದೆ, ಮೊದಲ ಒಂದಷ್ಟು ದೂರ ಗಾಡಿಯನ್ನು ಓಲಾಡಿಸಬೇಡ. ಹೆಲ್ಮೆಟ್ಟಿನ ಪಟ್ಟಿ ಗದ್ದದ ಕೆಳಗೆ ಒಂದು ಬೆರಳು ತೂರುವಷ್ಟು ಬಿಗಿ ಇರಲಿ. ಕೂದಲು ಹಾಳಾಗುತ್ತದೆ ಅಂತ ಹಿಂದಕ್ಕೆ ಸರಿಸಿ ಹಾಕಿಕೊಳ್ಳುವ ನಿನ್ನ ಶೋಕಿ ನನಗೆ ಗೊತ್ತಿಲ್ಲದ್ದೇನಲ್ಲ. ತಲೆ ಇದ್ದರೆ ತಾನೇ ಕೂದಲು?

ಇದೆಲ್ಲ ನಿನಗೆ ಬಾಯಿಪಾಠ. ಈಗ ಹೇಳುವುದು ನನ್ನ ಕಸುಬಿನ ಮೂಲಮಂತ್ರ. ಕಣ್ಣು ಎಲ್ಲಿ, ಗಾಡಿ ಅಲ್ಲಿ. ಹ್ಯಾಂಡಲ್ ತಿರುಗಿಸುವುದು ಕೈ ಅಂತ ಜನ ತಿಳಿದಿದ್ದಾರೆ. ಅಲ್ಲ, ಕಣ್ಣು. ಗುಂಡಿಯನ್ನು ನೋಡುತ್ತಾ ಹೋದರೆ ಗುಂಡಿಗೇ ಹೋಗುತ್ತೀಯ, ತಪ್ಪಿಸಿಕೊಳ್ಳಬೇಕು ಅಂತ ಎಷ್ಟೇ ಅಂದುಕೊಂಡರೂ ಅಷ್ಟೇ. ಹೋದ ತಿಂಗಳು ಬ್ಯಾಂಕಿನ ಕ್ಯಾಷಿಯರ್ ಮೇಡಂ ಒಬ್ಬರು ಕಲಿಯಲು ಬಂದಿದ್ದರು. ನಮ್ಮ ಇಡೀ ಮೈದಾನದಲ್ಲಿ ಇರುವುದು ಒಂದೇ ಒಂದು ದೀಪದ ಕಂಬ. ಆನೆ ಬೇಕಾದರೂ ತಿರುಗಬಹುದಾದಷ್ಟು ಜಾಗದಲ್ಲಿ ಆ ಪುಣ್ಯಾತ್ಗಿತ್ತಿ ಕಂಬ, ಕಂಬ ಎಂದು ಕೂಗುತ್ತಾ ನೇರ ಹೋಗಿ ಅದನ್ನೇ ತಬ್ಬಿಕೊಂಡರು. ಆಮೇಲೆ ಕಂಬ ಎಲ್ಲಿಂದ ಬಂತು ಅಂತ ನನ್ನ ಮೇಲೇ ರೇಗಿದರು. ನಾನು, ಅದು ಬರಲಿಲ್ಲ ಮೇಡಂ, ನೀವೇ ಕರೆದುಕೊಂಡಿರಿ ಎಂದೆ.

ಕ್ವಾರಿ ತಿರುವಿನಲ್ಲಿ ನಡೆಯುವುದೂ ಇದೇ, ಚೋಟು. ಅಲ್ಲಿ ಕಂಬದ ಬದಲು ಬೇರೇನೋ ಇದೆ, ಅಷ್ಟೇ ವ್ಯತ್ಯಾಸ.

ನಿಮ್ಮ ಕಡೆಯಿಂದ ಬರುವಾಗ ರಸ್ತೆ ಏರು ಹತ್ತಿ ಬಲಕ್ಕೆ ಹೊರಳುತ್ತದೆ. ಎಡಗಡೆ ಮೊಣಕಾಲೆತ್ತರದ ಗೋಡೆ, ನಡುವೆ ಒಡೆದಿದೆ. ಗೋಡೆಯ ಆಚೆ ನೆಲವಿಲ್ಲ, ಕ್ವಾರಿಯ ಹೊಂಡ, ಅದರ ತಳದಲ್ಲಿ ಹಸಿರು ನೀರು. ಹಗಲು ಹೊತ್ತು, ಬಿಸಿಲು, ರಸ್ತೆ ನುಣುಪು, ಹೆದರುವಂಥದ್ದು ಏನೂ ಇಲ್ಲ. ಬಿದ್ದ ಗಾಡಿಗಳನ್ನು ಎತ್ತಲು ಹೋಗುವ ಕ್ರೇನ್ ಮಾಮನನ್ನು ಕೇಳಿದ್ದೆ. ಅವರು ಹೇಳಿದ್ದು ಇಷ್ಟು: ಬೇರೆ ಕಡೆ ಬಿದ್ದವರದು ರಸ್ತೆ ಮೇಲೆ ಟೈರಿನ ಕಪ್ಪು ಗೆರೆ ಇರ್ತದೆ, ಉಳ್ಕೊಳೋಕೆ ಒದ್ದಾಡಿರ್ತಾರೆ. ಇಲ್ಲಿ ಒಬ್ಬರೂ ಬ್ರೇಕ್ ಹಾಕಿರಲ್ಲ ಮೇಡಂ. ಮನೆಗೆ ಹೋಗೋ ಹಾಗೆ ಹೋಗಿಬಿಡ್ತಾರೆ, ಅಂತ.

ಬದುಕಿ ಉಳಿದವರು ಏನಾಯಿತೆಂದು ಹೇಳುವುದಿಲ್ಲ. ಪೇಪರ್ ಏಜೆಂಟ್ ಒಬ್ಬನನ್ನು ಮಾಮ ತಾವೇ ಆಸ್ಪತ್ರೆಗೆ ಸೇರಿಸಿದ್ದರಂತೆ. ಗಟ್ಟಿ ಆಳು, ಸೊಂಟ ಮುರಿದಿತ್ತು. ಸ್ಟ್ರೆಚರಿನ ಮೇಲೆ ಮಲಗಿ ತನ್ನ ನೋವಿನ ಮಾತೇ ಆಡದೆ, ಅವನ ಕಾಲಲ್ಲಿ ಚಪ್ಪಲಿ ಇರ್ಲಿಲ್ಲ, ಯಾರಾದ್ರೂ ಅವನಿಗೆ ಒಂದು ಜೊತೆ ಚಪ್ಪಲಿ ಕೊಟ್ಟು ಬನ್ನಿ ಎಂದು ಅಂಗಲಾಚುತ್ತಿದ್ದನಂತೆ. ಯಾರಿಗೆ ಎಂದು ಕೇಳಿದರೆ ಮುಖ ಗೋಡೆಯ ಕಡೆ ಮಾಡಿಕೊಂಡ. ಅವನ ತಮ್ಮ ಬಹಳ ಹಿಂದೆಯೇ ತೀರಿಹೋಗಿದ್ದ ಎಂದು ಆಮೇಲೆ ಅವನ ಹೆಂಡತಿ ಹೇಳಿದಳು.

ಆ ಟೇಪಿನ ಅರ್ಥ ಇದು. ದಿನವೂ ಓಡಾಡುವವರು ಎಡಗಡೆ ಏನೂ ಕಾಣದ ಹಾಗೆ ಗಾಜು ಮುಚ್ಚಿಕೊಂಡು ಹೋಗುತ್ತಾರೆ. ಯಾರೂ ಯಾರನ್ನೂ ನಿನಗೆ ಯಾರು ಕಂಡರು ಎಂದು ಕೇಳುವುದಿಲ್ಲ. ಪೆಟ್ರೋಲ್ ಬಂಕಿನಲ್ಲಿ ಒಬ್ಬರ ಹೆಲ್ಮೆಟ್ ಇನ್ನೊಬ್ಬರು ನೋಡುತ್ತಾರೆ, ಟೇಪು ಕಂಡರೆ ತಲೆಯಾಡಿಸುತ್ತಾರೆ, ಅಷ್ಟೇ. ನಾನು ಮಾತ್ರ ಈ ಟೇಪಿನ ವಿಷಯಕ್ಕೆ ಕಂಡವರ ಜೊತೆಗೆಲ್ಲ ಜಗಳ ಆಡಿದವಳು. ತಿರುವಿಗೆ ಸ್ವಲ್ಪ ಮುಂಚೆ ಎಡಗಡೆಯಿಂದ ಜಲ್ಲಿ ಲಾರಿಗಳು ಬಂದು ಸೇರುತ್ತವೆ. ಟೇಪು ಹಾಕಿಕೊಂಡವನಿಗೆ ಲಾರಿ ಕಾಣುವುದಿಲ್ಲ. ಲಾರಿ ಯಾರ ತಮ್ಮನೂ ಅಲ್ಲ, ಅದು ನಿಜವಾದ ಲಾರಿ. ಅದೂ ಅಲ್ಲದೆ ಕಣ್ಣಿಗೆ ಟೇಪು ಹಚ್ಚಬಹುದು, ಕತ್ತಿಗೆ ಹಚ್ಚಲಾದೀತೇ? ಆಸೆ ಹುಟ್ಟಿದರೆ ಕತ್ತು ತಾನಾಗಿ ತಿರುಗುತ್ತದೆ.

ಇಷ್ಟೆಲ್ಲ ಅಕ್ಕನಿಗೆ ಹೇಗೆ ಗೊತ್ತು ಎಂದು ನೀನು ಈಗ ಹುಬ್ಬು ಗಂಟಿಕ್ಕಿರುತ್ತೀಯ. ನನಗೆ ಅಲ್ಲಿ ಅಮ್ಮ ಕಾಣುತ್ತಾಳೆ.

ಬರೆದುಬಿಟ್ಟೆ. ಇನ್ನು ನಗಬೇಕಾದರೆ ನಗು.

ಅಮ್ಮನಿಗೂ ಆ ತಿರುವಿಗೂ ಯಾವ ಸಂಬಂಧವೂ ಇಲ್ಲ. ಅವಳು ಹೋದದ್ದು ಆಸ್ಪತ್ರೆಯ ಹಾಸಿಗೆಯಲ್ಲಿ, ಜ್ವರದಲ್ಲಿ. ನೀನಾಗ ನನ್ನ ಸೊಂಟದ ಮೇಲಿದ್ದೆ, ಬಿಸ್ಕತ್ತು ಚೀಪುತ್ತಿದ್ದೆ. ಆ ರಸ್ತೆಯನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ. ಆದರೂ ಮೊದಲ ಸಲ ಆ ತಿರುವಿಗೆ ಬಂದಾಗ, ನನ್ನ ಕಣ್ಣು ಬಲಕ್ಕೆ ರಸ್ತೆಯ ತುದಿಯಲ್ಲಿ ನೆಟ್ಟಿದ್ದಾಗ, ಎಡಗಣ್ಣಿನ ಅಂಚಿನಲ್ಲಿ ಹಸಿರು ಸ್ವೆಟರ್ ಕಂಡಿತು. ಮೊಣಕೈಗೆ ನೇತುಹಾಕಿಕೊಂಡ ಚೀಲ, ಮೈಭಾರವನ್ನೆಲ್ಲ ಒಂದೇ ಕಾಲಿನ ಮೇಲೆ ಬಿಟ್ಟು ನಿಲ್ಲುವ ರೀತಿ. ನಾನು ಸ್ಕೂಲಿನಿಂದ ಬರುವಾಗ ಬಸ್ ನಿಲ್ದಾಣದಲ್ಲಿ ಅವಳು ಹಾಗೇ ನಿಂತಿರುತ್ತಿದ್ದಳು. ಕಸುಬಿನ ಅಭ್ಯಾಸ ನನ್ನನ್ನು ಉಳಿಸಿತು, ಕತ್ತು ತಿರುಗಲಿಲ್ಲ, ಗಾಡಿ ತಿರುವು ದಾಟಿತು. ದಾಟಿದ ಮೇಲೆ ನಿಲ್ಲಿಸಿ, ಇಳಿದು, ನಡೆದುಕೊಂಡು ವಾಪಸು ಹೋದೆ. ಒಡೆದ ಗೋಡೆ ಇತ್ತು, ಜಲ್ಲಿ ಇತ್ತು. ಯಾರೂ ಇರಲಿಲ್ಲ.

ನಡೆದು ಹೋದರೆ ಕಾಣುವುದಿಲ್ಲ. ನಮ್ಮ ಕಡೆಯಿಂದ ನಿಮ್ಮ ಕಡೆಗೆ ಹೋಗುವಾಗಲೂ ಕಾಣುವುದಿಲ್ಲ. ಆ ಕಡೆಯಿಂದ ಈ ಕಡೆಗೆ, ಗಾಡಿಯ ಮೇಲೆ ಕೂತು ಬರುವಾಗ ಮಾತ್ರ. ರಸ್ತೆಯವರು ತಿರುವಿನಲ್ಲಿ ದೊಡ್ಡದೊಂದು ಉಬ್ಬುಗನ್ನಡಿ ಹಾಕಿದಾಗ ನನಗೆ ಹಬ್ಬವಾಗಿತ್ತು. ಕತ್ತು ತಿರುಗಿಸದೆ ಕನ್ನಡಿಯಲ್ಲೇ ಅವಳ ಮುಖ ನೋಡಬಹುದಲ್ಲ ಎಂದು ಹೋದೆ. ಕನ್ನಡಿಯಲ್ಲಿ ನಾನಿದ್ದೆ, ಗಾಡಿ ಇತ್ತು, ಗೋಡೆ ಇತ್ತು. ಅವಳು ನಿಂತಿದ್ದ ಜಾಗ ಖಾಲಿ. ಅದೇ ಕ್ಷಣ ಎಡಗಣ್ಣಿನ ಅಂಚಿನಲ್ಲಿ ಹಸಿರು ಸ್ವೆಟರ್ ಇತ್ತು. ಆವತ್ತು ಮನೆಗೆ ಬಂದು ಇದ್ದಬದ್ದ ದೀಪವನ್ನೆಲ್ಲ ಹಾಕಿಕೊಂಡು ಕೂತೆ.

ಹೆದರಿದವಳು ದಾರಿ ಬಿಡಬೇಕಿತ್ತು. ನಾನು ಬಿಡಲಿಲ್ಲ. ಆ ಕಡೆ ನಮ್ಮ ಶಾಲೆಯ ಇನ್ನೊಂದು ಶಾಖೆ ತೆರೆದಿದ್ದಾರೆ, ಅಲ್ಲಿ ಪಾಠ ಮಾಡಲು ಹೋಗುತ್ತೇನೆ ಎಂದು ನಿನಗೆ ಹೇಳಿದ್ದೆನಲ್ಲ, ಅಂಥ ಶಾಖೆ ಯಾವುದೂ ಇಲ್ಲ. ಬೆಳಿಗ್ಗೆ ತಿರುವಿನಾಚೆಯ ಪೆಟ್ರೋಲ್ ಬಂಕಿನವರೆಗೆ ಹೋಗುತ್ತಿದ್ದೆ, ಗಾಡಿ ತಿರುಗಿಸುತ್ತಿದ್ದೆ, ಅವಳ ಪಕ್ಕದಲ್ಲಿ ಹಾದು ಮನೆಗೆ ಬರುತ್ತಿದ್ದೆ. ಅಷ್ಟಕ್ಕೇ. ಬೆಳಿಗ್ಗೆ ಫೋನ್ ಮಾಡಿದರೆ ಅಕ್ಕ ಎತ್ತುವುದೇ ಇಲ್ಲ ಎಂದು ನೀನು ದೂರುತ್ತಿದ್ದುದು ಇದಕ್ಕೇ. ನಿನಗೆ ಅಮ್ಮನ ಮುಖ ನೆನಪಿಲ್ಲ, ನೀನು ಬಾಯಿ ತುಂಬ ಅಮ್ಮಾ ಎಂದು ಕರೆದದ್ದು ನನ್ನನ್ನೇ. ನನಗೆ ನೆನಪಿದೆ ಎಂದುಕೊಂಡಿದ್ದೆ. ಆದರೆ ಈಚೆಗೆ ಕಣ್ಣು ಮುಚ್ಚಿದರೆ ಗೋಡೆಯ ಮೇಲಿನ ಫೋಟೋ ಬರುತ್ತದೆಯೇ ಹೊರತು ಅವಳು ಬರುವುದಿಲ್ಲ. ಒಂದು ಸಲ ಮುಖ ನೋಡಬೇಕು ಎಂಬ ಆಸೆ ಎಷ್ಟಿತ್ತು ಎಂದರೆ, ಚೋಟು, ಅದನ್ನು ಬರೆಯಲು ಬಲಗೈ ಇದ್ದರೂ ಆಗುತ್ತಿರಲಿಲ್ಲ.

ಮೊದಮೊದಲು ಅವಳು ರಸ್ತೆಗೆ ಬೆನ್ನು ಮಾಡಿ ನಿಂತಿರುತ್ತಿದ್ದಳು. ಆಮೇಲಾಮೇಲೆ ಓರೆಯಾಗಿ. ಈ ಮಳೆಗಾಲ ಕಳೆದ ಮೇಲೆ ನನ್ನ ಕಡೆಗೇ ತಿರುಗಿ. ನಾನು ನೋಡುತ್ತಿರಲಿಲ್ಲ, ಆದರೆ ನೋಡಿಸಿಕೊಳ್ಳುತ್ತಿದ್ದೇನೆ ಎಂದು ಗೊತ್ತಾಗುತ್ತದಲ್ಲ, ಹಾಗೆ ಗೊತ್ತಾಗುತ್ತಿತ್ತು. ಹೋದ ವಾರ ಕೈ ಎತ್ತಿದಳು. ಅಡ್ಡ ಹಿಡಿದಂತೆ, ನಿಲ್ಲು ಎನ್ನುವಂತೆ. ನನ್ನ ಬುದ್ಧಿ ನೋಡು, ವಾದ ಶುರುಮಾಡಿತು. ಇಷ್ಟು ದಿನ ಸುಮ್ಮನಿದ್ದವಳು ಈಗ ಕೈ ಎತ್ತಿದ್ದಾಳೆ ಎಂದರೆ ಏನೋ ಹೇಳಬೇಕಾಗಿದೆ, ಹೆತ್ತ ತಾಯಿ ಮಗಳಿಗೆ ಕೇಡು ಬಯಸುತ್ತಾಳೆಯೇ ಎಂದು. ಕಲಿಯಲು ಬಂದವರಿಗೆಲ್ಲ ಕಣ್ಣು ಎಲ್ಲಿ ಗಾಡಿ ಅಲ್ಲಿ ಎಂದು ಕಿವಿ ಹಿಂಡುವವಳು, ನನಗೊಬ್ಬಳಿಗೆ ಆ ನಿಯಮದಿಂದ ರಿಯಾಯಿತಿ ಕೊಟ್ಟುಕೊಂಡೆ. ಈಜು ಬಲ್ಲವನೇ ಮುಳುಗುವುದು.

ಮಂಗಳವಾರ ನೋಡಿದೆ.

ಷಟರ್ ಕಥೆ ಸುಳ್ಳು. ಕೊರಳ ಕೆಳಗಿನ ಮೂಳೆ ಮುರಿದಿದೆ, ಮಣಿಕಟ್ಟು ಬಿರುಕು ಬಿಟ್ಟಿದೆ, ಭುಜದಿಂದ ಬೆರಳವರೆಗೆ ಬ್ಯಾಂಡೇಜು. ಎರಡನೇ ಗೇರಿನಲ್ಲಿದ್ದೆ, ಆ ಪುಣ್ಯಕ್ಕೆ ಗಾಡಿ ಗೋಡೆಯ ಒಡೆಯದ ಭಾಗಕ್ಕೆ ಬಡಿದು ಈಚೆಯೇ ಬಿತ್ತು. ಹೆಲ್ಮೆಟ್ ಎಡಗಡೆ ಕಿವಿಯ ಮೇಲೆ ಸೀಳಿದೆ. ಇದು ತಲೆಬುರುಡೆ ಆಗಿರಬೇಕಿತ್ತು ಎಂದು ಡಾಕ್ಟರ್ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ನಿನ್ನ ಶೋಕಿಯ ಹಾಗೆ ಹಿಂದಕ್ಕೆ ಸರಿಸಿ ಹಾಕಿಕೊಂಡಿದ್ದರೆ ಈ ಕಾಗದ ಬರೆಯಲು ಎಡಗೈಯೂ ಇರುತ್ತಿರಲಿಲ್ಲ.

ನೋಡಿದ್ದೇನೋ ನಿಜ. ಆದರೆ ಅಲ್ಲಿದ್ದದ್ದು ಅಮ್ಮ ಅಲ್ಲ, ಚೋಟು. ಹಸಿರು ಸ್ವೆಟರ್ ಎಂದು ಕತ್ತು ತಿರುಗಿಸಿದೆ, ತಿರುಗಿಸಿದ ಮೇಲೆ ನೀನಿದ್ದೆ. ಚಿಕ್ಕಂದಿನ ನೀನಲ್ಲ, ಈಗಿನ ನೀನು. ಬೀಗದ ಕೈ ಕಳೆದುಕೊಂಡು ಬಾಗಿಲ ಮುಂದೆ ನಿಲ್ಲುತ್ತೀಯಲ್ಲ, ತುಟಿ ಕಚ್ಚಿಕೊಂಡು, ಅಕ್ಕ ಬೈಯುತ್ತಾಳೋ ನಗುತ್ತಾಳೋ ಎಂದು ಕಾಯುತ್ತಾ, ಹಾಗೆ ನಿಂತಿದ್ದೆ. ನಿಂತದ್ದು ಗೋಡೆಯ ಈಚೆ ಅಲ್ಲ, ಆಚೆ. ನೆಲವೇ ಇಲ್ಲದ ಕಡೆ, ಗಾಳಿಯ ಮೇಲೆ. ನಾನು ಬ್ರೇಕ್ ಹಾಕಲಿಲ್ಲ. ಕ್ರೇನ್ ಮಾಮ ಹೇಳಿದ್ದು ಸರಿ, ಅಲ್ಲಿ ಬ್ರೇಕ್ ಹಾಕಬೇಕು ಎಂದು ಅನ್ನಿಸುವುದೇ ಇಲ್ಲ. ನಿನ್ನನ್ನು ಎತ್ತಿಕೊಳ್ಳಬೇಕು ಎಂದಷ್ಟೇ ಅನ್ನಿಸಿತು.

ಮಂಗಳವಾರ ಬೆಳಿಗ್ಗೆ ಫೋನ್ ಮಾಡಿ ಎಲ್ಲಿದ್ದೀಯ ಎಂದು ಕೇಳಿದ್ದು ಜ್ಞಾಪಕವಿದೆಯಾ? ತಲೆ ತುಂಬ ಶಾಂಪೂ ಇದೆ ಅಕ್ಕ, ಕಣ್ಣು ಉರೀತಿದೆ, ಏನು ಬೇಗ ಹೇಳು ಎಂದು ನೀನು ಕಿರುಚಿದೆ. ಏನಿಲ್ಲ, ಸುಮ್ಮನೆ ಎಂದು ಇಟ್ಟುಬಿಟ್ಟೆ. ಆಗ ನಾನು ಜಲ್ಲಿಯ ಮೇಲೆ ಬಿದ್ದುಕೊಂಡಿದ್ದೆ. ನಿನ್ನ ಕಣ್ಣು ಉರಿಯುತ್ತಿದೆ ಎಂದು ಕೇಳಿ ಅಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ.

ಅಲ್ಲಿರುವುದು ಅಮ್ಮ ಅಲ್ಲ, ಯಾವತ್ತೂ ಆಗಿರಲಿಲ್ಲ. ಪೇಪರ್ ಏಜೆಂಟನ ತಮ್ಮನೂ ಅಲ್ಲ. ಅದು ಏನೋ ನನಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳುವ ಆಸೆಯೂ ಇಲ್ಲ. ಯಾರಿಗಾಗಿ ನಮ್ಮ ಕತ್ತು ತಿರುಗುತ್ತದೋ ಅವರ ರೂಪ ಅದಕ್ಕೆ ಸಿಗುತ್ತದೆ. ಅಷ್ಟು ಮಾತ್ರ ತಿಳಿದುಕೊಂಡಿದ್ದೇನೆ, ಒಂದು ಮೂಳೆ ಕೊಟ್ಟು.

ದಾರಿ ಬದಲಾಗದಿದ್ದರೆ ಸೋಮವಾರ ಹೀಗೆ ಮಾಡು. ಟೇಪು ಬೇಡ, ಗಾಜು ಒರೆಸಿ ಸ್ವಚ್ಛ ಇಟ್ಟುಕೋ. ಜಲ್ಲಿ ಲಾರಿಗಳ ದಾರಿ ಬಂದಾಗ ಎಡಕ್ಕೆ ಒಂದು ಸಲ ನೋಡು. ಅದೇ ಕೊನೆ. ಅಲ್ಲೇ ವೇಗ ಇಳಿಸು, ಎರಡನೇ ಗೇರಿಗೆ ಬಾ. ತಿರುವಿನ ಒಳಗೆ ಬ್ರೇಕ್ ಹುಡುಕಬೇಡ. ಗದ್ದವನ್ನು ಬಲಭುಜದ ಕಡೆ ತಿರುಗಿಸು, ರಸ್ತೆ ಎಲ್ಲಿ ಮುಗಿದಂತೆ ಕಾಣುತ್ತದೋ ಅಲ್ಲಿ ಕಣ್ಣು ನೆಡು. ಕಂಡದ್ದನ್ನೆಲ್ಲ ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿ ಹೇಳುತ್ತಾ ಹೋಗು: ಬಿಳಿ ಗೆರೆ, ಮೈಲಿಗಲ್ಲು, ಮರ, ಮತ್ತೆ ಬಿಳಿ ಗೆರೆ. ಯಾರಾದರೂ ಕೇಳಿಸಿಕೊಂಡು ಹುಚ್ಚಿ ಅಂದುಕೊಂಡರೆ ಅಂದುಕೊಳ್ಳಲಿ, ಬದುಕಿದ ಹುಚ್ಚಿ ಆಗಿರು. ತಿರುವು ದಾಟಿದ ಮೇಲೂ ಹಿಂದಿನದು ಕಾಣುವ ಕನ್ನಡಿಗೆ ಕಣ್ಣು ಕೊಡಬೇಡ. ರಸ್ತೆ ನೇರವಾಗಿ, ಮೊದಲ ಮನೆಗಳು ಕಂಡ ಮೇಲೆ ನಿಲ್ಲಿಸಿ ನನಗೊಂದು ಫೋನ್ ಮಾಡು. ಬೆಳಿಗ್ಗೆಯೇ ಮಾಡು, ಇನ್ನು ಮೇಲೆ ಎತ್ತುತ್ತೇನೆ.

ನಾನು ಮತ್ತೆ ಆ ದಾರಿಗೆ ಹೋಗುವುದಿಲ್ಲ. ಅಮ್ಮನ ಮುಖ ನನಗೆ ಸಿಗಲಿಲ್ಲ, ಇರಲಿ. ನಿನ್ನ ಮುಖ ಇದೆ, ಅದನ್ನು ಹಾಗೇ ಇಟ್ಟುಕೊಂಡು ಬಾ.

ಇಷ್ಟು ಬೈದರೂ ನಿನ್ನವಳೇ ಆದ,
ಅಕ್ಕ

ತಾ.ಕ.: ಇದು ಮರೆತುಹೋಗಿ ಸೇರಿಸುತ್ತಿರುವುದಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಹಿಡಿದಿಟ್ಟುಕೊಂಡದ್ದು. ನಿನಗೆ ಅಲ್ಲಿ ಅಮ್ಮ ಕಾಣುವುದಿಲ್ಲ. ನಿನ್ನ ಕತ್ತು ಯಾರಿಗಾಗಿ ತಿರುಗುತ್ತದೆ ಎಂದು ನನಗೆ ಗೊತ್ತು, ನಿನ್ನನ್ನು ಸಾಕಿದವಳು ನಾನು. ಸೋಮವಾರ ತಿರುವಿನ ಹತ್ತಿರ ಬಂದು ನಿಂತು ನಿನ್ನನ್ನು ಕೈಹಿಡಿದು ದಾಟಿಸಬೇಕು ಎಂದು ಜೀವ ಹೊಯ್ದಾಡುತ್ತಿದೆ. ಬರುವುದಿಲ್ಲ. ಬಾಗಿಲು ಹಾಕಿಕೊಂಡು ಮನೆಯೊಳಗೇ ಇರುತ್ತೇನೆ, ಏನೇ ಆದರೂ ಹೊಸ್ತಿಲು ದಾಟುವುದಿಲ್ಲ. ಆದ್ದರಿಂದ ಕೈಗೆ ಬ್ಯಾಂಡೇಜು ಕಟ್ಟಿಕೊಂಡವಳೊಬ್ಬಳು ಗೋಡೆಯ ಹತ್ತಿರ ನಿಂತು ಚೋಟು ಎಂದು ಕರೆದರೆ ಅದು ನಾನಲ್ಲ. ಬಿದ್ದಿದ್ದರೂ ನಾನಲ್ಲ, ಅಳುತ್ತಿದ್ದರೂ ನಾನಲ್ಲ. ಈ ಕಾಗದ ಸುಳ್ಳು, ಹಿಂತಿರುಗಿ ನೋಡು ಎಂದು ನನ್ನ ದನಿಯಲ್ಲೇ ಕೂಗಿದರೂ ನಾನಲ್ಲ. ಅದೊಂದು ಕಡೆ, ಕಂದ, ಅಕ್ಕನನ್ನು ನೋಡದೆ ಹೋಗು.